ಕೊನೇ ಬೆಂಚಿಗೂ ಒಂದು ಗೇಣಿಗೂ ಒಂದೇ ಗಂಟಲು: ಮಲೆನಾಡಿನ ಹಾಡುನಟರಿಗೆ, ಕಂಠದಾನ ಕಲಾವಿದರಿಗೆ ಕೈಪಿಡಿ

ರಾತ್ರಿ ಊರಿನ ಶಾಲೆ ಮೈದಾನದಲ್ಲಿ ಹಾರ್ಮೋನಿಯಂ ಜೊತೆ ಹಾಡುವವರ ದನಿ ಕೊನೇ ಬೆಂಚಿಗೆ ಮುಟ್ಟಬೇಕು. ಅದೇ ಮನುಷ್ಯ ಎರಡು ದಿನ ಬಿಟ್ಟು ಸ್ಟುಡಿಯೋಗೆ ಹೋದರೆ ಮೈಕಿನಿಂದ ಒಂದು ಗೇಣು ದೂರ ನಿಂತು, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಿದ ಹಾಗೆ ಮಾತಾಡಬೇಕು. ರಂಗದ ಮೇಲೆ ದನಿ ಎಸೆಯುವ ರೂಢಿ ಮೈಕಿನ ಮುಂದೆ ಕಿರುಚಾಟವಾಗುತ್ತದೆ. ಮೈಕಿನ ಮುಂದೆ ಚೆಂದ ಕೇಳುವ ಪಿಸುಮಾತು ರಂಗದಲ್ಲಿ ಮೂರನೇ ಸಾಲು ದಾಟುವುದಿಲ್ಲ. ಹಾಡುನಟನೆ, ಕಂಠದಾನ ಎರಡನ್ನೂ ನಂಬಿ ಬದುಕಬೇಕೆನ್ನುವವರು ಎರಡನ್ನೂ ಬೇರೆಬೇರೆಯಾಗಿ ಕಲಿಯಬೇಕು, ಆದರೆ ಬುನಾದಿ ಒಂದೇ: ಶ್ರುತಿ, ಉಸಿರು, ಸಾಲಿನ ಕೊನೆಯ ಅಕ್ಷರ.

ಕನ್ನಡಕ್ಕೆ ಈ ಜೋಡಿ ಹೊಸದಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, ರಂಗದ ಮೇಲೆ ಹಾಡುತ್ತ, ನಟಿಸುತ್ತ, ನಾಟಕ ಆಡಿಸುತ್ತಲೇ ಸಿನಿಮಾ ನಾಯಕಿಯರಿಗೆ ಕಂಠದಾನ ಮಾಡಿದವರು. 2013ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1992ನೇ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಕೆಲಸದ ಮಟ್ಟಿಗೆ ಹೇಳುವುದಾದರೆ ದೊಡ್ಡ ಬದಲಾವಣೆ ಆದದ್ದು 2015ರಲ್ಲಿ. ಕನ್ನಡಕ್ಕೆ ಡಬ್ಬಿಂಗ್ ಬರದಂತೆ ದಶಕಗಳಿಂದ ಇದ್ದ ತಡೆಯ ವಿರುದ್ಧ ಆ ವರ್ಷ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿತು. ಆಮೇಲೆ ಬೇರೆ ಭಾಷೆಯ ಸಿನಿಮಾ, ಧಾರಾವಾಹಿ, ಕಾರ್ಟೂನು ಕನ್ನಡದಲ್ಲಿ ಬರತೊಡಗಿ, ಕಂಠಕ್ಕೆ ಹಿಂದೆ ಇಲ್ಲದಷ್ಟು ಕೆಲಸ ಹುಟ್ಟಿತು.

ಮೊದಲು ಶ್ರುತಿ ಕಂಡುಕೊಳ್ಳಿ

ರಂಗಗೀತೆ ಹಾಡುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಗಂಟಲಿನದ್ದಲ್ಲ, ತಮ್ಮದಲ್ಲದ ಶ್ರುತಿಯದ್ದು. ಮೈಕಿಲ್ಲದ ಕಾಲದಲ್ಲಿ ಕಂಪನಿ ನಟರು ದನಿ ದೂರ ಹೋಗಲಿ ಅಂತ ಬಹಳ ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ಹಳೆಯ ಧ್ವನಿಮುದ್ರಣ ಕೇಳಿ ಅದೇ ಶ್ರುತಿಗೆ ಹೊರಟವರು ಎರಡನೇ ಚರಣಕ್ಕೆ ಕತ್ತಿನ ನರ ಬಿಗಿದುಕೊಂಡು ನಿಲ್ಲುತ್ತಾರೆ.

ಸಂಜೆ ಹೊತ್ತು ಹಾರ್ಮೋನಿಯಂ ಮುಂದೆ ಕೂರಿ. ಬೆಳಿಗ್ಗೆ ಬೇಡ, ಎದ್ದ ಹೊತ್ತಿನಲ್ಲಿ ದನಿ ಒಂದೆರಡು ಮನೆ (ಹಾರ್ಮೋನಿಯಂನ ಒಂದೊಂದು ಕೀಲಿ, ಕರಿ ಬಿಳಿ ಎರಡೂ ಸೇರಿ) ಕೆಳಗೇ ಇರುತ್ತದೆ. ಬಿಳಿ 1ನ್ನು, ಅಂದರೆ ಸಪ್ತಕದ ಮೊದಲ ಬಿಳಿ ಮನೆಯನ್ನು, ಷಡ್ಜ (ಸ) ಮಾಡಿಕೊಂಡು ಮಂದ್ರ ಪಂಚಮಕ್ಕೆ (ಕೆಳಗಿನ ಸ್ಥಾಯಿಯ ಪ) ಇಳಿಯಿರಿ, ತಾರ ಗಾಂಧಾರಕ್ಕೆ (ಮೇಲಿನ ಸ್ಥಾಯಿಯ ಗ) ಏರಿ. ಮಂದ್ರದಲ್ಲಿ ದನಿ ಬರೀ ಗಾಳಿಯಾದರೆ ಶ್ರುತಿ ಒಂದು ಮನೆ ಏರಿಸಿ. ತಾರದಲ್ಲಿ ಗದ್ದ ಮೇಲಕ್ಕೆ ಎದ್ದರೆ ಇಳಿಸಿ. ಹೆಚ್ಚಿನ ಗಂಡಸರು ಕರಿ 1, ಬಿಳಿ 2ರ ಹತ್ತಿರ ನಿಲ್ಲುತ್ತಾರೆ, ಹೆಂಗಸರು ಬಿಳಿ 5ರಿಂದ ಕರಿ 5ರ ನಡುವೆ. ಇದು ಅಂದಾಜು ಅಷ್ಟೇ, ನಿಮ್ಮ ಗಂಟಲು ಹೇಳಿದ್ದೇ ಅಂತಿಮ.

ನಾಟಕಕ್ಕೆ ಶ್ರುತಿ ಗೊತ್ತುಮಾಡುವಾಗ ಮೊದಲ ಹಾಡನ್ನು ನೋಡಬೇಡಿ, ಅತಿ ಕಷ್ಟದ ಹಾಡನ್ನು ನೋಡಿ. ಅದರ ಅತಿ ಎತ್ತರದ ಸಾಲನ್ನು ಬಿಡುವಿಲ್ಲದೆ ಐದು ಸಲ ಹಾಡಿ. ಐದನೆಯದು ಮೊದಲನೆಯದರ ಹಾಗೇ ಬಂದರೆ ಸರಿ. ಬರದಿದ್ದರೆ ಒಂದು ಮನೆ ಇಳಿಸಿ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರಿಗೆ ವಾರಕ್ಕೆ ಮುಂಚೆಯೇ ತಿಳಿಸಿ. ಮನೆ ಬದಲಾದರೆ ಅವರ ಬೆರಳಿನ ದಾರಿಯೇ ಬದಲಾಗುತ್ತದೆ. ಪ್ರದರ್ಶನದ ದಿನ ಸಂಜೆ ಹೇಳಿದರೆ ಹಾಡು ಎಡವುವುದು ಗ್ಯಾರಂಟಿ.

ಯುಗಳಗೀತೆಯಲ್ಲಿ ಇನ್ನೊಂದು ಗಂಟು. ಗಂಡಿನದು ಕರಿ 1, ಹೆಣ್ಣಿನದು ಕರಿ 4 ಆದರೆ ನಡುವೆ ಒಂದು ಪಂಚಮದಷ್ಟು ಅಂತರ. ಯಾರದೋ ಒಬ್ಬರ ಶ್ರುತಿಗೆ ಇಬ್ಬರನ್ನೂ ಎಳೆದರೆ ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಗೊಣಗುತ್ತಾರೆ. ಬಿಳಿ 3ಕ್ಕೆ ಇಟ್ಟುಕೊಳ್ಳಿ. ಗಂಡಿಗೆ ಮೂರು ಮನೆ ಏರು, ಹೆಣ್ಣಿಗೆ ನಾಲ್ಕು ಮನೆ ಇಳಿವು. ಆಮೇಲೆ ಸಾಲು ಹಂಚುವಾಗ ತಾರಕ್ಕೆ ಹೋಗುವ ಸಾಲು ಹೆಣ್ಣಿಗೆ, ಮಂದ್ರಕ್ಕೆ ಇಳಿಯುವ ಸಾಲು ಗಂಡಿಗೆ ಬರುವಂತೆ ನೋಡಿ.

ಸಾಲಿನ ಕೊನೆ ನುಂಗಬೇಡಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಅನ್ನುವುದೂ ಅದರ ಬಾಲದಲ್ಲೇ ಇರುತ್ತದೆ. 'ಬಂದಿದೆ', 'ಬಂದಿಲ್ಲ' ಎರಡಕ್ಕೂ ಮೊದಲರ್ಧ ಒಂದೇ. ಉಸಿರು ಮುಗಿಯುವುದೂ ಸಾಲಿನ ಕೊನೆಗೇ. ಹಾಗಾಗಿ ಉಸಿರು ಸಾಲದ ನಟನ ಬಾಯಲ್ಲಿ ಮೊದಲು ಸಾಯುವುದು ಅರ್ಥ ಹೊತ್ತ ಅಕ್ಷರ. ಕೊನೇ ಬೆಂಚಿನವರು 'ಏನಂದ, ಏನಂದ?' ಅಂತ ಪಕ್ಕದವರನ್ನು ಕೇಳುವುದು ದನಿ ಸಣ್ಣದೆಂದಲ್ಲ, ಕೊನೆಯ ಅಕ್ಷರ ಸಿಗಲಿಲ್ಲವೆಂದು.

ಒಂದು ಸಾಲನ್ನು ಬಿಡಿಸಿ ನೋಡೋಣ. ಅಭ್ಯಾಸಕ್ಕೆಂದೇ ಕಟ್ಟಿದ ಎರಡು ಸಾಲು:

ತೋಟದ ದಾರಿಲಿ ದೀಪವು ಕಾಣದು
ಹೊಳೆಯಿಂದಾಚೆಗೆ ನಿನ್ನದೆ ದನಿಯಿದೆ

ಪ್ರತಿ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಆದಿತಾಳದ ಒಂದು ಎಣಿಕೆಗೆ ಎರಡು ಮಾತ್ರೆ ಇಟ್ಟರೆ ಎಂಟು ಎಣಿಕೆಗೆ, ಅಂದರೆ ಒಂದು ಆವರ್ತಕ್ಕೆ, ಒಂದು ಸಾಲು ಸರಿಯಾಗಿ ಕೂರುತ್ತದೆ. ತೊಂದರೆ ಅಲ್ಲೇ ಇದೆ. 'ಕಾಣದು' ಪದದ 'ದು' 16ನೇ ಮಾತ್ರೆ. ಅದರ ಬೆನ್ನಿಗೇ 'ಹೊ' ಮುಂದಿನ ಆವರ್ತದ ಮೊದಲ ಪೆಟ್ಟು. ನಡುವೆ ಉಸಿರಿಗೆ ಜಾಗವೇ ಇಲ್ಲ. ಆಗ ಹಾಡುವವರು ತಮಗೆ ಗೊತ್ತಿಲ್ಲದೆಯೇ 'ದು'ವನ್ನು ಕೊಂದು ಆ ಸಂದಿನಲ್ಲಿ ಉಸಿರೆಳೆಯುತ್ತಾರೆ. ಕೇಳುವವರಿಗೆ ಸಿಗುವುದು 'ದೀಪವು ಕಾಣ'. ಕಾಣುತ್ತದೋ ಇಲ್ಲವೋ?

ಪರಿಹಾರ: ಉಸಿರನ್ನು ಕೊನೆಯಲ್ಲಿ ಕೇಳಬೇಡಿ, ನಡುವೆ ಕದಿಯಿರಿ. 'ದಾರಿಲಿ' ಆದಮೇಲೆ ಬಾಯಿ ಮುಚ್ಚದೆ, ಹೆಗಲು ಎತ್ತದೆ, ಹೊಟ್ಟೆ ಸಡಿಲಿಸಿದರೆ ಅರೆ ಉಸಿರು ತಾನೇ ಒಳಗೆ ಬೀಳುತ್ತದೆ. 'ಲಿ' ತುಸು ಮೊಟಕಾದರೂ ಅರ್ಥ ಕೆಡುವುದಿಲ್ಲ. ಈಗ 'ಕಾಣದು' ಪೂರ್ತಿ ಹೇಳಿಯೂ 'ಹೊಳೆ'ಗೆ ಉಸಿರು ಉಳಿಯುತ್ತದೆ. ಪ್ರತಿ ಹಾಡಿನ ಪ್ರತಿಯಲ್ಲೂ ಪೆನ್ಸಿಲಿನಲ್ಲಿ ಈ ಕಳ್ಳ ಉಸಿರಿನ ಜಾಗ ಗುರುತು ಮಾಡಿಕೊಳ್ಳಿ. ಪೂರ್ಣ ಉಸಿರಿಗೆ ನೆಟ್ಟ ಗೀಟು, ಅರೆ ಉಸಿರಿಗೆ ಅಲ್ಪವಿರಾಮದಂಥ ಗೀಟು. ಇನ್ನೊಂದು ದಾರಿ, ಎರಡು ಸಾಲಿನ ನಡುವೆ ಒಂದು ಆವರ್ತ ಬರೀ ಹಾರ್ಮೋನಿಯಂ ಬಿಡುವುದು. ಕುಣಿತ ಇರುವ ಹಾಡಿಗೆ ಅದೇ ಒಳ್ಳೆಯದು. ಕುಣಿಯುತ್ತ ಕದ್ದ ಉಸಿರು ಸಾಲುವುದಿಲ್ಲ.

ಹಾಡು ಕಲಿಯುವ ಕ್ರಮದಲ್ಲೂ ಇದನ್ನೇ ಪಾಲಿಸಿ. ಮೊದಲು ಮಟ್ಟು ಬಿಟ್ಟು ಸಾಹಿತ್ಯವನ್ನು ಮಾತಿನಂತೆ ಹೇಳಿ, ಆಮೇಲೆ ತಾಳ ಹಾಕಿ ಹೇಳಿ, ನಂತರ ಮಟ್ಟು, ಕೊನೆಗೆ ನಡಿಗೆ ಮತ್ತು ಅಭಿನಯ. ಮಟ್ಟು ಮೊದಲು ಬಾಯಿಗೆ ಕೂತರೆ ಮಾತಿನ ಅರ್ಥ ಮತ್ತೆ ಒಳಗೆ ಸೇರುವುದು ಕಷ್ಟ.

ಮಾತಿನಿಂದ ಹಾಡಿಗೆ ದಾಟುವ ಕಡೆ

ಗಂಡಸರ ಸಹಜ ಮಾತಿನ ದನಿ ಹಾಡಿನ ಷಡ್ಜಕ್ಕಿಂತ ಮೂರು ನಾಲ್ಕು ಮನೆ ಕೆಳಗಿರುತ್ತದೆ. ಕೆಳಗೆ ಮಾತಾಡುತ್ತಿದ್ದವರು ಒಮ್ಮೆಗೇ ಮೇಲೆ ಹಾರಿದರೆ ಪ್ರೇಕ್ಷಕರಿಗೆ ಪಾತ್ರ ಮಾಯವಾಗಿ ಗಾಯಕ ಎದ್ದು ನಿಂತ ಹಾಗೆ ಕಾಣುತ್ತದೆ. ಹಾಡಿಗೆ ಮುಂಚಿನ ಎರಡು ಮೂರು ಮಾತಿನಲ್ಲೇ ದನಿಯನ್ನು ಮೆಲ್ಲಗೆ ಏರಿಸಿ, ಕೊನೆಯ ಪದ ಷಡ್ಜದ ಮೇಲೋ ಪಂಚಮದ ಮೇಲೋ ಬಂದು ನಿಲ್ಲಲಿ. ಪೇಟಿ ಮಾಸ್ತರು ಆ ಕೊನೆಯ ಮಾತಿನ ಅಡಿಯಲ್ಲಿ ಶ್ರುತಿ ಹಿಡಿಯಲಿ, ಮಾತು ಮುಗಿದ ಮೇಲೆ ಅಲ್ಲ. ತಾಲೀಮಿನಲ್ಲಿ ಹಾಡನ್ನು ಬಿಟ್ಟು ಈ ಸಂದನ್ನೇ ಹತ್ತು ಸಲ ಮಾಡಿಸಿ. ತಾಳವಿಲ್ಲದೆ ಹಾಡುವ ಕಂದ, ವೃತ್ತದಂಥ ಪದ್ಯ ಹೇಳುವಾಗಲೂ ಅಷ್ಟೇ: ತಾಳವಿಲ್ಲ ಅಂತ ಆಲಾಪನೆಗೆ ಜಾರಬೇಡಿ, ಪಾತ್ರ ಯಾರ ಹತ್ತಿರ ಮಾತಾಡುತ್ತಿದೆಯೋ ಅವರ ಕಡೆಗೇ ಪದ್ಯ ಹೋಗಲಿ.

ಕಾಲರ್ ಮೈಕ್ ಇದ್ದರೆ ಎದೆಗೆ ಸಿಕ್ಕಿಸಬೇಡಿ. ತಲೆ ತಿರುಗಿಸಿದಾಗಲೆಲ್ಲ ದನಿ ಏರಿಳಿಯುತ್ತದೆ, ಒಡವೆ ತಗುಲಿ ಕರಕರ ಅನ್ನುತ್ತದೆ. ಹಣೆಯ ಕೂದಲಂಚಿಗೆ ಅಂಟಿಸಿ. ಬಾಯಿಂದ ದೂರ ಒಂದೇ ಸಮ ಇರುತ್ತದೆ. ಬೆವರು, ಬಣ್ಣ ಒಳಗೆ ಇಳಿದರೆ ಮೈಕ್ ಮಂಕಾಗುತ್ತದೆ, ಆದ್ದರಿಂದ ಬಣ್ಣ ಒಣಗಿದ ಮೇಲೆಯೇ ಕಟ್ಟಿ. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಒಳಾಂಗಣದಲ್ಲಿ ಗೋಡೆ ದನಿಯನ್ನು ಸ್ವಲ್ಪ ಹಿಂದಿರುಗಿಸುತ್ತದೆ, ನಿಮ್ಮ ದನಿ ನಿಮಗೇ ಕೇಳುತ್ತದೆ. ತೆರೆದ ಮೈದಾನದಲ್ಲಿ ಏನೂ ಹಿಂದೆ ಬರುವುದಿಲ್ಲ. ಕೇಳುತ್ತಿಲ್ಲವೆಂದು ಗಂಟಲು ಕೂಗತೊಡಗುತ್ತದೆ. ಹಾಗೆ ಆಡುವಾಗ ಕಿವಿಯನ್ನು ನಂಬಬೇಡಿ, ತಾಲೀಮಿನಲ್ಲಿ ಎದೆ ಮತ್ತು ಮೂಗಿನ ಬುಡದಲ್ಲಿ ಎಷ್ಟು ಕಂಪನ ಇತ್ತೋ ಅಷ್ಟನ್ನೇ ನಂಬಿ.

ಗಂಟಲ ಆರೈಕೆ

ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲು 'ಸ್‌ಸ್' ಅಂತ ಒಂದೇ ಸಮ ಉಸಿರು ಬಿಡಿ. ಶುರುವಿಗೆ 15 ಸೆಕೆಂಡ್ ಬಂದರೂ ಪರವಾಗಿಲ್ಲ, ಕೆಲವು ತಿಂಗಳಲ್ಲಿ 30 ದಾಟಲಿ. ಕೊನೆಯಲ್ಲಿ ಅದುರಿದರೆ ಅಲ್ಲಿಗೇ ನಿಲ್ಲಿಸಿ, ಹಿಂಡಬೇಡಿ. ಆಮೇಲೆ ಎಳನೀರಿನ ಸ್ಟ್ರಾ ತಗೊಂಡು ಅರ್ಧ ಲೋಟ ನೀರಿನಲ್ಲಿ ಎರಡು ಬೆರಳಷ್ಟು ಅದ್ದಿ 'ಊ' ಅಂತ ಗುಳುಗುಳು ಮಾಡುತ್ತ ಮಂದ್ರದಿಂದ ತಾರಕ್ಕೆ, ತಾರದಿಂದ ಮಂದ್ರಕ್ಕೆ ಜಾರಿ, ಐದು ನಿಮಿಷ. ನೀರಿನ ಎದುರೊತ್ತಡ ಸ್ವರತಂತುಗಳು ಪರಸ್ಪರ ಬಡಿದುಕೊಳ್ಳುವ ಪೆಟ್ಟನ್ನು ಕಡಿಮೆ ಮಾಡುತ್ತದೆ, ಅದಕ್ಕೇ ಇದು ಸುಸ್ತಾದ ಗಂಟಲಿಗೂ ಒಳ್ಳೆಯದು. ಪ್ರದರ್ಶನ ಮುಗಿದ ಮೇಲೂ ಮೂರು ನಿಮಿಷ ಮಾಡಿ. ಉಳಿದ ಹೊತ್ತು ತುಟಿ ಮುಚ್ಚಿ 'ಮ್' ಗುನುಗಿ, ಸರಳೆ (ಸರಿಗಮದ ಮೊದಲ ಪಾಠ) ಹಾಡಿ.

ಅಡಿಕೆ ಮಲೆನಾಡಿನ ಅನ್ನ. ಆದರೂ ಹೇಳಲೇಬೇಕು: ಬಾಯಿಗೆ ಬೇಡ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅದಕ್ಕೂ ಮೊದಲೇ ನಟರಿಗೆ ಬರುವ ಪೆಟ್ಟು, ಕೆನ್ನೆಯ ಒಳಚರ್ಮ ನಾರಾಗಿ ಬಿಗಿದು ಬಾಯಿ ತೆರೆಯದಂತಾಗುವುದು. ಬಾಯಿ ತೆರೆದು ನಿಮ್ಮದೇ ಮೂರು ಬೆರಳನ್ನು ಹಲ್ಲುಗಳ ನಡುವೆ ಉದ್ದಕ್ಕೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ಮುಟ್ಟಿದರೆ ಉರಿ ಬಂದರೆ, ತಡಮಾಡದೆ ದಂತವೈದ್ಯರಲ್ಲಿ ಹೋಗಿ. ಬಾಯಿ ತೆರೆಯದವರಿಗೆ ದೀರ್ಘ 'ಆ' ಬರುವುದಿಲ್ಲ.

ನೆಗಡಿಯಲ್ಲಿ ಮೆಂಥಾಲ್ ಗುಳಿಗೆ ಚೀಪಿ ರಂಗಕ್ಕೆ ಹೋಗುವುದು ತಪ್ಪು. ಜೋಮು ಹಿಡಿದ ಗಂಟಲಿಗೆ ನೋವು ತಿಳಿಯದೆ ಇನ್ನಷ್ಟು ಹರಿದುಕೊಳ್ಳುತ್ತದೆ. ಬರೀ ಬಿಸಿನೀರಿನ ಹಬೆ ಸಾಕು. ದನಿ ಕೂತಾಗ ಪಿಸುಗುಟ್ಟಿ ಮಾತಾಡುವುದೂ ಆಯಾಸವೇ, ಸುಮ್ಮನಿರಿ. ನಾಟಕ ಮುಗಿಸಿ ನಡುರಾತ್ರಿ ಊಟ ಮಾಡಿ ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಏರಿ ಬೆಳಿಗ್ಗೆ ದನಿ ಒಡೆದಿರುತ್ತದೆ. ಪ್ರದರ್ಶನಕ್ಕೆ ಮೂರು ಗಂಟೆ ಮುಂಚೆ ಹೊಟ್ಟೆ ತುಂಬ ಉಂಡು, ಮುಗಿದ ಮೇಲೆ ಗಂಜಿ ಮಜ್ಜಿಗೆಯಲ್ಲಿ ಮುಗಿಸಿ. ಗೊಗ್ಗರು ದನಿ ಮೂರು ವಾರ ಕಳೆದರೂ ಹೋಗದಿದ್ದರೆ ಕಷಾಯ ನಿಲ್ಲಿಸಿ, ಕಿವಿ ಮೂಗು ಗಂಟಲು ವೈದ್ಯರಿಂದ ಸ್ವರತಂತು ನೋಡಿಸಿ.

ಒಂದು ಗೇಣು

ಮೈಕಿನ ಮುಂದೆ ಹೆಬ್ಬೆರಳು ಬಾಯಿಗೆ, ಕಿರುಬೆರಳು ಮೈಕಿಗೆ. ಅದೇ ಗೇಣು, ಅದೇ ಅಳತೆ. ನಡುವೆ ಮೈಕಿನಿಂದ ನಾಲ್ಕು ಬೆರಳು ಈಚೆ ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ತಡೆಯುವ ತೆಳು ಜಾಲರಿ. ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆ ಇಡಿ, 'ಪ', 'ಭ', 'ಫ'ಗಳ ಗಾಳಿ ಪಕ್ಕಕ್ಕೆ ಹೋಗುತ್ತದೆ. ರಂಗದಿಂದ ಬಂದವರಿಗೆ ಮಹಾಪ್ರಾಣವನ್ನು ಒತ್ತಿ ಹೇಳುವ ರೂಢಿ. ಕೊನೇ ಬೆಂಚಿಗೆ 'ಭೀಮ' ತಲುಪಿಸಿದ ಆ ಗಾಳಿಯೇ ಇಲ್ಲಿ 'ಧಬ್' ಅನ್ನುತ್ತದೆ. ಮಹಾಪ್ರಾಣ ಬಿಡಬೇಡಿ, ಒತ್ತನ್ನು ಬಿಡಿ. ಕೂಗುವ ಮಾತು ಬಂದರೆ ಅರ್ಧ ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ. ಗುಟ್ಟು ಹೇಳುವಾಗ ಹತ್ತಿರ ಬನ್ನಿ, ಆದರೆ ದನಿಯಿಲ್ಲದ ಬರೀ ಉಸಿರು ಮಾಡಬೇಡಿ.

ಉಚ್ಚಾರಣೆಯಲ್ಲಿ ನೋಡಿಕೊಳ್ಳಬೇಕಾದದ್ದು 'ಅ' ಮತ್ತು 'ಹ', 'ಳ' ಮತ್ತು 'ಲ', 'ಣ' ಮತ್ತು 'ನ', 'ಶ' ಮತ್ತು 'ಸ'. ಹ್ರಸ್ವ ದೀರ್ಘವಂತೂ ಮುಖ್ಯ: 'ಕರಿ', 'ಕಾರಿ' ಬೇರೆ. ಊರಿನ ಮಾತಿನ ಧಾಟಿಯನ್ನು ಕಳೆದುಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹವ್ಯಕರ ಮಾತು, ದೀವರ ಮಾತು ಬಾಯಲ್ಲಿ ಇರುವುದು ಆಸ್ತಿ. ಅದರ ಜೊತೆಗೆ ಗ್ರಂಥಸ್ಥ ಕನ್ನಡವನ್ನೂ ಕಲಿತು, ಬೇಕಾದಾಗ ಅದರಿಂದ ಇದಕ್ಕೆ ದಾಟುವಂತಿರಬೇಕು.

ಓದಿನ ವೇಗಕ್ಕೂ ಲೆಕ್ಕ ಇರಲಿ. ಕನ್ನಡದ ಪದಗಳು ಉದ್ದ, ಆದ್ದರಿಂದ ನಿರೂಪಣೆಗೆ ನಿಮಿಷಕ್ಕೆ 90ರಿಂದ 110 ಪದ ಹಿತ. 30 ಸೆಕೆಂಡಿನ ಜಾಹೀರಾತಿಗೆ 50ಕ್ಕಿಂತ ಹೆಚ್ಚು ಪದ ಕೊಟ್ಟರೆ ಬರೆದವರಿಗೆ ವಿನಯದಿಂದ ಹೇಳಿ ಕಡಿಮೆ ಮಾಡಿಸಿ. ಓಡಿಸಿ ಓದಿದರೆ ಕೊನೆಯ ಕ್ರಿಯಾಪದ ಮತ್ತೆ ನುಂಗಿಹೋಗುತ್ತದೆ.

ಮಲೆನಾಡಿನ ಮನೆಯಲ್ಲಿ ಧ್ವನಿಮುದ್ರಣ

ಇಲ್ಲಿಯ ಮೊದಲ ಶತ್ರು ಮಳೆ. ಹೆಂಚಿನ ಮೇಲೆ, ಅದಕ್ಕಿಂತ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಆವರ್ತನಗಳಲ್ಲೂ ಹರಡಿರುತ್ತದೆ. ಯಾವ ಸಾಫ್ಟ್‌ವೇರೂ ದನಿಯನ್ನು ಕೆಡಿಸದೆ ಅದನ್ನು ತೆಗೆಯಲಾರದು. ಹೊಳವಾಗುವವರೆಗೆ ಕಾಯುವುದೊಂದೇ ದಾರಿ. ಎರಡನೆಯದು ಜೀರುಂಡೆ. ಅದರ ಕೂಗು ಸುಮಾರು 4ರಿಂದ 8 ಕಿಲೋಹರ್ಟ್ಸ್ ನಡುವೆ ಇರುತ್ತದೆ, ನಮ್ಮ 'ಸ', 'ಶ', 'ಚ'ಗಳ ಸೀಟಿಯೂ ಅಲ್ಲೇ. ಜೀರುಂಡೆ ಅಳಿಸಲು ಹೋದರೆ 'ಸರಸ್ವತಿ' ತೊದಲಿದ ಹಾಗೆ ಕೇಳುತ್ತದೆ. ಮಳೆಗಾಲದ ರಾತ್ರಿಗೆ ಕಪ್ಪೆಗಳದ್ದೇ ಕಾರುಬಾರು. ಆದ್ದರಿಂದ ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆ, ಮಳೆಗಾಲದಲ್ಲಿ ಹಗಲಿನ ಹೊಳವಿನಲ್ಲಿ ಕೆಲಸ ಇಟ್ಟುಕೊಳ್ಳಿ. ಗಡುವು ಒಪ್ಪುವಾಗ ಜುಲೈ ತಿಂಗಳಿಗೆ ಮೂರು ದಿನ ಹೆಚ್ಚೇ ಕೇಳಿ.

ಕೋಣೆ ಯಾವುದು? ಅಟ್ಟ ಬೇಡ, ರಸ್ತೆ ಕಡೆಯ ಜಗಲಿ ಬೇಡ. ಮಣ್ಣಿನ ದಪ್ಪ ಗೋಡೆಯ ನಡುಮನೆಯ ಪಕ್ಕದ ಕತ್ತಲೆ ಕೋಣೆ, ಮೇಲೆ ಹಲಗೆ ಮುಚ್ಚಿಗೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಸಿಗೆ, ಬಟ್ಟೆ ಕಪಾಟು ಅಲ್ಲೇ ಇರಲಿ. ಬೆನ್ನ ಹಿಂದೆ ಮತ್ತು ಎರಡು ಪಕ್ಕ ದಪ್ಪ ಕಂಬಳಿಯನ್ನು ಎರಡು ಪದರ ಮಾಡಿ, ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ತೂಗಿಸಿ. ಆ ಸಂದಿನಿಂದಲೇ ಕಂಬಳಿ ಹೆಚ್ಚು ಪ್ರತಿಧ್ವನಿ ಹೀರುವುದು. ಒಂದು ಚಪ್ಪಾಳೆ ತಟ್ಟಿ ನೋಡಿ. ಹಿಂದೆ 'ಟಂಯ್' ಬಂದರೆ ಇನ್ನೊಂದು ಕಂಬಳಿ ಬೇಕು. ಆದರೆ ಕಂಬಳಿ ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಪ್ರತಿಧ್ವನಿಯನ್ನು ಮಾತ್ರ ಹೀರುತ್ತದೆ. ಸದ್ದು ತಡೆಯುವುದು ಗೋಡೆಯ ದಪ್ಪ, ಬಾಗಿಲ ಸಂದು ಮುಚ್ಚಿದ ಬಟ್ಟೆ.

ಇಂಥ ಕೋಣೆಗೆ ಮೊದಲ ಮೈಕ್ ಡೈನಾಮಿಕ್ ಆಗಿರಲಿ, ಶೂರ್ ಎಸ್‌ಎಂ58ರಂಥದ್ದು. ಅದಕ್ಕೆ ಗೇಣಿಗಿಂತ ಹತ್ತಿರ, ನಾಲ್ಕೈದು ಬೆರಳು ದೂರ ಬರಬೇಕು. ಕಂಡೆನ್ಸರ್ ಮೈಕ್ ಹೆಚ್ಚು ಸೂಕ್ಷ್ಮ, ಆದರೆ ಪಕ್ಕದ ತೋಟದ ಕಳೆ ಕತ್ತರಿಸುವ ಯಂತ್ರವನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಅದಕ್ಕೆ ತೇವವೂ ಆಗದು. ಆಷಾಢದಲ್ಲಿ ಚಟಪಟ ಸದ್ದು ಬಂದರೆ ದನಿ ಹಿಡಿಯುವ ಭಾಗವಾದ ಕ್ಯಾಪ್ಸೂಲಿಗೆ ಪಸೆ ಹಿಡಿದಿದೆ ಎಂದರ್ಥ. ಬಳಸಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ನೂರು ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು.

'ಹೂಂ' ಅನ್ನುವ ಕೆಳದನಿ ಬಂದರೆ ಅದು ಕರೆಂಟಿನದು, 50 ಅಥವಾ 100 ಹರ್ಟ್ಸ್. ಅರ್ತಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ, ಕಡಿಮೆ ಬೆಲೆಯ ಇನ್ವರ್ಟರ್ ಓಡುವಾಗ ಇದು ಜೋರು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುದ್ರಿಸಿ. ಫ್ರಿಜ್, ಫ್ಯಾನ್ ಆರಿಸಿ. ಮುಗಿದ ಮೇಲೆ ಫ್ರಿಜ್ ಹಾಕಲು ಮರೆಯದಿರಲು ಕಾರಿನ ಬೀಗದ ಕೈಯನ್ನು ಅದರೊಳಗೇ ಇಡುವವರಿದ್ದಾರೆ.

ಸಾಫ್ಟ್‌ವೇರಿಗೆ ಹಣ ಬೇಡ, ಆಡಾಸಿಟಿ ಸಾಕು. ವಿಡಿಯೋ ಕೆಲಸಕ್ಕೆ 48 ಕಿಲೋಹರ್ಟ್ಸ್, ಆಡಿಯೋ ಪುಸ್ತಕಕ್ಕೆ 44.1, ಎರಡಕ್ಕೂ 24 ಬಿಟ್, ವೇವ್ ಕಡತ. ದನಿಯ ಶಿಖರ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಸೊನ್ನೆ ಮುಟ್ಟಿದ್ದು ಒಡೆದಂತೆಯೇ, ರಿಪೇರಿ ಇಲ್ಲ. ಆಡಿಯೋ ಪುಸ್ತಕದವರು ಸಾಮಾನ್ಯವಾಗಿ ಕೇಳುವುದು ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18, ಶಿಖರ ಮೈನಸ್ 3, ಖಾಲಿ ಕೋಣೆಯ ಸದ್ದು ಮೈನಸ್ 60ಕ್ಕಿಂತ ಕೆಳಗೆ. ಪ್ರತಿ ಸಲ ಮೊದಲ ಹತ್ತು ಸೆಕೆಂಡ್ ಸುಮ್ಮನಿದ್ದು ಖಾಲಿ ಕೋಣೆಯನ್ನು ಮುದ್ರಿಸಿ. ತೇಪೆ ಹಾಕುವಾಗ ಬೇಕಾಗುತ್ತದೆ.

ಡಬ್ಬಿಂಗ್ ಕೋಣೆಯಲ್ಲಿ

ಪರದೆಯ ಮೇಲೆ ಚಿತ್ರ, ಕಿವಿಯಲ್ಲಿ ಮೂಲ ಭಾಷೆಯ ದನಿ. ಹಲವು ಕಡೆ ಮೂರು ಬೀಪ್ ಕೇಳಿಸುತ್ತಾರೆ. ನಾಲ್ಕನೆಯದು ಬರುವುದಿಲ್ಲ, ಅದರ ಜಾಗದಲ್ಲಿ ನಿಮ್ಮ ಮಾತು ಶುರು. ಹೊಸಬರು ನಾಲ್ಕನೆಯದಕ್ಕೆ ಕಾದು ತಡವಾಗುತ್ತಾರೆ. ಒಂದು ಕಿವಿಯ ಹೆಡ್‌ಫೋನ್ ಸರಿಸಿಕೊಂಡರೆ ನಿಮ್ಮ ದನಿ ನಿಮಗೆ ಕೇಳುತ್ತದೆ.

ತುಟಿ ನೋಡಿ. ನೋಡುವವರ ಕಣ್ಣಿಗೆ ಬೀಳುವುದು ತುಟಿ ಮುಚ್ಚುವ 'ಪ', 'ಬ', 'ಮ'. ಪರದೆಯಲ್ಲಿ ತುಟಿ ಮುಚ್ಚಿದ ಕಡೆ ನಿಮ್ಮ ಸಾಲಿನಲ್ಲೂ ಇವುಗಳಲ್ಲೊಂದು ಬಂದರೆ ಉಳಿದದ್ದು ಸ್ವಲ್ಪ ಹಿಂದೆ ಮುಂದಾದರೂ ಹೊಂದುತ್ತದೆ. 'ನಾಳೆ ಹೋಗೋಣ' ಕೂರದಿದ್ದರೆ 'ನಾಳೆ ಬರೋಣ' ಕೂತೀತು, ಆದರೆ ಅರ್ಥ ಬದಲಾಗುವುದರಿಂದ ನಿರ್ದೇಶಕರನ್ನು ಕೇಳಿಯೇ ಬದಲಿಸಿ. ಇನ್ನು ಸಾಲಿನ ಕೊನೆ: ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಇರುತ್ತದೆ. ಮೂಲದಲ್ಲಿ ತುಟಿ ಮುಚ್ಚಿ ಮುಗಿದಿದ್ದರೆ ಕೊನೆಯ ಸ್ವರವನ್ನು ಎಳೆಯದೆ ಚುಟುಕಾಗಿ ನಿಲ್ಲಿಸಿ. ಚುಟುಕು ಅಂದರೆ ಮೊಟಕು, ನುಂಗುವುದಲ್ಲ.

ಹಾಡಿರುವ ಕಾರ್ಟೂನು ಚಿತ್ರಗಳಲ್ಲಿ ಮಾತಿಗೊಬ್ಬರು, ಹಾಡಿಗೊಬ್ಬರನ್ನು ಕರೆಯುವುದು ಹಲವು ದೇಶಗಳಲ್ಲಿ ಇದೆ. ರಂಗಗೀತೆ ಬಲ್ಲವರಿಗೆ ಅಲ್ಲೇ ಅವಕಾಶ: ಪಾತ್ರದ ದನಿಯಲ್ಲೇ ಹಾಡಬಲ್ಲೆನೆಂದು ತೋರಿಸಿದರೆ ಎರಡೂ ನಿಮಗೇ ಬರಬಹುದು. ಏದುಸಿರು, ಅಳು, ಕಿರುಚಾಟಗಳನ್ನು ದಿನದ ಕೊನೆಗೆ ಇಡುವಂತೆ ಕೇಳಿಕೊಳ್ಳಿ. ಬೆಳಿಗ್ಗೆಯೇ ಕಿರುಚಿದ ಗಂಟಲಿನಿಂದ ಮಧ್ಯಾಹ್ನ ಮೃದು ಮಾತು ಬರುವುದಿಲ್ಲ. ಮತ್ತೊಂದು ಎಚ್ಚರ: ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ರಾತ್ರಿ ಎಸಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಒಂಬತ್ತಕ್ಕೆ ಮೈಕಿನ ಮುಂದೆ ನಿಂತರೆ ದನಿ ಒಣಗಿ, ಕೆಳಗಿಳಿದು, ಹಿಂದಿನ ಸಲದ ಪಾತ್ರಕ್ಕೆ ಹೊಂದುವುದಿಲ್ಲ. ಆದಷ್ಟೂ ಹಿಂದಿನ ಸಂಜೆ ತಲುಪಿ. ಪ್ರತಿ ಪಾತ್ರದ 20 ಸೆಕೆಂಡಿನ ಮಾದರಿಯನ್ನು ಫೋನಿನಲ್ಲಿ ಇಟ್ಟುಕೊಂಡು, ಶುರು ಮಾಡುವ ಮುಂಚೆ ಕೇಳಿ.

ಕಲಿಕೆ, ಕೆಲಸ, ವರ್ಷದ ಲೆಕ್ಕ

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಗೆಳೆಯರೊಂದಿಗೆ 1949ರಲ್ಲಿ ಕಟ್ಟಿದ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ, 1985ರಿಂದ ಅದರ ತಿರುಗಾಟ ತಂಡ ನಾಡು ಸುತ್ತುತ್ತಿದೆ. ಸಂದರ್ಶನಕ್ಕೆ ಹೋಗುವವರು ಒಂದು ರಂಗಗೀತೆ, ಒಂದು ಗದ್ಯ ಭಾಗ ಸಿದ್ಧ ಇಟ್ಟುಕೊಳ್ಳಿ. ರಾಗ ತೋರಿಸಲು ಹೋಗದೆ ಸಾಹಿತ್ಯ ಕೇಳಿಸುವಂತೆ ಹಾಡಿ. ಶಿವಮೊಗ್ಗದಲ್ಲಿ ಸರ್ಕಾರದ ರಂಗಸಂಸ್ಥೆ ರಂಗಾಯಣ ಇದೆ. ತಂಡದೊಂದಿಗೆ ಒಂದು ವರ್ಷ ತಿರುಗಿದವರಿಗೆ ಬರುವ ಗಂಟಲ ಗಟ್ಟಿತನ ಯಾವ ಶಿಬಿರದಲ್ಲೂ ಸಿಗದು, ಅದೇ ನಾಟಕವನ್ನು ಕೆಮ್ಮಿನಲ್ಲೂ ಚಳಿಯಲ್ಲೂ ಆಡಬೇಕಲ್ಲ.

ಧ್ವನಿಯ ಕಡೆ ಮೊದಲ ಮೆಟ್ಟಿಲು 1965ರಿಂದ ಇರುವ ಭದ್ರಾವತಿ ಆಕಾಶವಾಣಿ. ನಾಟಕ ವಿಭಾಗದ ಧ್ವನಿ ಪರೀಕ್ಷೆಗೆ ಕರೆದಾಗ ಅರ್ಜಿ ಹಾಕಿ. ಪಾಸಾದವರು ಬಿ ಶ್ರೇಣಿಯಿಂದ ಶುರುಮಾಡಿ ಬಿ-ಹೈ, ಎ, ಟಾಪ್‌ವರೆಗೆ ಏರಬಹುದು. ಹಾಳೆ ಮಗುಚುವ ಸದ್ದು ಬಾರದಂತೆ ಪುಟಗಳನ್ನು ಬಿಡಿಬಿಡಿಯಾಗಿ ಹಿಡಿದು ಪಕ್ಕಕ್ಕೆ ಜಾರಿಸುವುದು, ದೂರ ಹೋಗುವ ಪಾತ್ರಕ್ಕೆ ಮುಖ ತಿರುಗಿಸಿ ಹಿಂದೆ ಸರಿಯುವುದು, ಇವೆಲ್ಲ ಬಾನುಲಿ ನಾಟಕ ಕಲಿಸುವ ಪಾಠ. ಮುಂದೆ ಎಲ್ಲ ಸ್ಟುಡಿಯೋದಲ್ಲೂ ಬೇಕಾಗುತ್ತವೆ.

ಕೆಲಸ ಕೇಳಲು ಧ್ವನಿ ಮಾದರಿ 90 ಸೆಕೆಂಡ್ ದಾಟದಿರಲಿ. ಐದಾರು ತುಣುಕು, ಒಂದೊಂದು 12ರಿಂದ 15 ಸೆಕೆಂಡ್: ಜಾಹೀರಾತು, ನಿರೂಪಣೆ, ಮುದುಕ ಅಥವಾ ಮಗು, ಊರಿನ ಧಾಟಿ, ಒಂದು ಸಾಲು ಹಾಡು. ಅತಿ ಒಳ್ಳೆಯದು ಮೊದಲು. ಕೇಳುವವರು ಐದು ಸೆಕೆಂಡಿಗೇ ತೀರ್ಮಾನ ಮಾಡುತ್ತಾರೆ. ಹಿನ್ನೆಲೆ ಸಂಗೀತ ಹಾಕಬೇಡಿ.

ಮಲೆನಾಡಿನ ವರ್ಷ ತಾನೇ ಎರಡು ಭಾಗವಾಗಿದೆ. ಕೊಯ್ಲು ಮುಗಿದ ಡಿಸೆಂಬರಿನಿಂದ ಮೇ ತನಕ ಬಯಲು ರಂಗದ ಕಾಲ. ಜೂನ್‌ನಿಂದ ಮೈದಾನ ಕೆಸರು. ಆಗ ತಾಲೀಮು, ಬಾನುಲಿ, ಸ್ಟುಡಿಯೋ. ಪ್ರದರ್ಶನದ ತಿಂಗಳುಗಳಲ್ಲಿ ಉದ್ದನೆಯ ಆಡಿಯೋ ಪುಸ್ತಕ ಒಪ್ಪಿಕೊಳ್ಳಬೇಡಿ, ಮೊದಲ ಅಧ್ಯಾಯದ ದನಿ ಹತ್ತನೆಯದರಲ್ಲಿ ಇರುವುದಿಲ್ಲ.

ಹಣದ ಮಾತು ಮೈಕಿಗೆ ಮುಂಚೆ, ಬರಹದಲ್ಲಿ. ವಾಟ್ಸಾಪ್ ಸಂದೇಶವಾದರೂ ಸರಿ. ಎಷ್ಟು ನಿಮಿಷ, ಎಲ್ಲಿ ಬಳಕೆ, ಎಷ್ಟು ಕಾಲ, ಎಷ್ಟು ಸಲ ಮರುಮುದ್ರಣ ಉಚಿತ, ಹಣ ಯಾವ ದಿನ. ಜಿಲ್ಲೆಯ ಅಂಗಡಿಯ ಜಾಹೀರಾತೆಂದು ಮುದ್ರಿಸಿದ್ದು ರಾಜ್ಯವಿಡೀ ಟಿವಿಯಲ್ಲಿ ಬಂದರೆ ಅದಕ್ಕೆ ಬೇರೆ ಸಂಭಾವನೆ. ಈಗ ಇನ್ನೊಂದು ಸಾಲು ಸೇರಿಸಲೇಬೇಕು: 'ಈ ಧ್ವನಿಯಿಂದ ಯಂತ್ರದ ಮೂಲಕ ಹೊಸ ಧ್ವನಿ ತಯಾರಿಸಲು, ಯಂತ್ರಕ್ಕೆ ಕಲಿಸಲು ಅನುಮತಿ ಇಲ್ಲ.' ನೂರಾರು ಬಿಡಿ ವಾಕ್ಯ ಓದಿಸಿ ಯಾವ ಕಾರ್ಯಕ್ರಮಕ್ಕೆಂದು ಹೇಳದವರ ಹತ್ತಿರ ಈ ಸಾಲನ್ನು ಮೊದಲು ಕಳಿಸಿ, ಉತ್ತರ ಬಂದ ಮೇಲೆ ಬಾಯಿ ತೆರೆಯಿರಿ.

ಕೊನೆಗೆ ಹಾರ್ಮೋನಿಯಂ. ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಹಿಡಿದುಕೊಳ್ಳುತ್ತವೆ, ರೀಡಿಗೆ ಕಿಲುಬು ಬಂದು ಶ್ರುತಿ ಸರಿಯುತ್ತದೆ. ಬಿಸಿಲಿಗೆ ಇಟ್ಟರೆ ಮರ ಬಿರಿದು ತಿದಿ ಸೋರುತ್ತದೆ. ಕಂಬಳಿ ಸುತ್ತಿ, ಒಳಗೆ ಎರಡು ಸಿಲಿಕಾ ಪೊಟ್ಟಣ ಹಾಕಿ, ನೆಲದಿಂದ ಮೇಲೆ, ಒಲೆಯ ಹೊಗೆ ತಾಗದ ಕಡೆ ಇಡಿ. ದಿನಕ್ಕೆ ಹತ್ತು ನಿಮಿಷ ಎಲ್ಲ ಮನೆಗಳನ್ನೂ ನುಡಿಸಿ. ಜೂನ್ ಮೊದಲ ವಾರ ಮತ್ತು ಅಕ್ಟೋಬರಿನಲ್ಲಿ ಫೋನಿನ ಟ್ಯೂನರ್ ಇಟ್ಟು ನಿಮ್ಮ ಷಡ್ಜ, ಪಂಚಮ ನೋಡಿ. ಕಾಲು ಮನೆಯಷ್ಟು ಸರಿದಿದ್ದರೂ ರಿಪೇರಿಯವರಲ್ಲಿ ಕೊಡಿ, ನೀವೇ ರೀಡ್ ಕೆರೆಯಬೇಡಿ.